ಕಾರಿನ ಮುಂದಿನ ಬ್ರೇಕ್ ಡಿಸ್ಕ್, ಪ್ಯಾಡ್ ಮನೆಯಲ್ಲೇ ಬದಲಿಸುವುದು: ಕರಾವಳಿಯ ತುಕ್ಕಿಗೂ ಘಾಟಿಯ ಇಳಿಜಾರಿಗೂ ತಕ್ಕ ಕ್ರಮ

ಹೊಸ ಡಿಸ್ಕ್ ಹಾಕಿಸಿ ನಾಲ್ಕೈದು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗತೊಡಗಿದರೆ ಎಲ್ಲರೂ ಹೇಳುವುದು ಒಂದೇ ಮಾತು: "ಡಿಸ್ಕ್ ಬೆಂಡಾಗಿದೆ, ಮಾಲು ಸರಿ ಇಲ್ಲ." ಹೆಚ್ಚಿನ ಸಲ ತಪ್ಪು ಮಾಲಿನದ್ದಲ್ಲ. ಹಳೆ ಡಿಸ್ಕ್ ಕಳಚಿದ ಮೇಲೆ ಹಬ್‌ನ (ಡಿಸ್ಕ್, ಚಕ್ರ ಎರಡೂ ಕೂರುವ ನಡುವಿನ ತಿರುಗುವ ಭಾಗ) ಮುಖದಲ್ಲಿ ಉಳಿದ ತುಕ್ಕನ್ನು ಉಜ್ಜದೆ ಹೊಸದನ್ನು ಅದರ ಮೇಲೆಯೇ ಕೂರಿಸಿರುತ್ತಾರೆ. ಹಬ್‌ನ ಅಂಚಿನಲ್ಲಿ 0.05 ಮಿ.ಮೀ. ದಪ್ಪದ ತುಕ್ಕಿನ ಚಕ್ಕೆ ಇದ್ದರೂ ಡಿಸ್ಕ್ ಅಷ್ಟಕ್ಕೇ ಓರೆಯಾಗಿ ಕೂರುತ್ತದೆ. ಡಿಸ್ಕ್‌ನ ಹೊರ ಅಂಚಿಗೆ ಬರುವಾಗ ಆ ಓರೆ ಸುಮಾರು ದುಪ್ಪಟ್ಟು. ಚಕ್ರ ತಿರುಗಿದಂತೆ ಉಬ್ಬಿದ ಭಾಗ ಪ್ರತಿ ಸುತ್ತಿನಲ್ಲೂ ಪ್ಯಾಡ್‌ಗೆ ತಾಗಿ ತಾಗಿ ಸವೆಯುತ್ತದೆ, ಡಿಸ್ಕ್‌ನ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ. ಕಾಲಿಗೂ ಸ್ಟೀರಿಂಗ್‌ಗೂ ಬರುವ ನಡುಕ ಈ ದಪ್ಪದ ವ್ಯತ್ಯಾಸದ್ದು. ಅದಕ್ಕೇ ಅದು ಮೊದಲ ದಿನ ಕಾಣುವುದಿಲ್ಲ, ತಿಂಗಳುಗಳ ಮೇಲೆ ಶುರುವಾಗುತ್ತದೆ.

ಕಾಸರಗೋಡಿನ ಕಡೆ ಈ ತುಕ್ಕೇ ಮುಖ್ಯ ವಿಷಯ. ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಕಡಲಿನ ಉಪ್ಪುಗಾಳಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಬಿಡದ ಮಳೆ, ಕೆಂಪು ಕೆಸರು. ಜೊತೆಗೆ ಗಲ್ಫಿನಲ್ಲಿರುವವರ ಕಾರುಗಳು ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತಿರುತ್ತವೆ. ಹಾಗಾಗಿ ಇಲ್ಲಿ ಬ್ರೇಕ್ ಕೆಲಸವೆಂದರೆ ಕಾಲು ಭಾಗ ಬಿಚ್ಚಿ ಜೋಡಿಸುವುದು, ಮುಕ್ಕಾಲು ಭಾಗ ಉಜ್ಜಿ ಸ್ವಚ್ಛ ಮಾಡುವುದು. ಆ ಮುಕ್ಕಾಲು ಭಾಗಕ್ಕೆ ಸಮಯ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು. ಮೊದಲ ಸಲ ಮಾಡುವವರು ಎರಡು ಚಕ್ರಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.

ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತಿ ಹಿಡಿಯುವ ಭಾಗಕ್ಕೆ ಕ್ಯಾಲಿಪರ್ ಎನ್ನುತ್ತಾರೆ, ಒತ್ತುವುದು ಅದರೊಳಗಿನ ಪಿಸ್ಟನ್. ಇಲ್ಲಿ ಹೇಳುವ ಕ್ರಮ ಒಂದೇ ಪಿಸ್ಟನ್ ಇರುವ, ಪಿನ್‌ಗಳ ಮೇಲೆ ಜಾರುವ ಕ್ಯಾಲಿಪರ್‌ನದ್ದು. ನಮ್ಮ ರಸ್ತೆಗಳ ಹೆಚ್ಚಿನ ಸಣ್ಣ ಕಾರುಗಳ ಮುಂದಿನ ಚಕ್ರದಲ್ಲಿ ಇರುವುದು ಇದೇ.

ಬದಲಿಸಬೇಕೋ ಬೇಡವೋ

ಪ್ಯಾಡ್‌ನ ಉಕ್ಕಿನ ಬೆನ್ನುತಗಡು ಸುಮಾರು 5 ಮಿ.ಮೀ. ಇರುತ್ತದೆ. ಅದಕ್ಕೆ ಅಂಟಿಸಿದ ಘರ್ಷಣೆಯ ಪದರ ಹೊಸದರಲ್ಲಿ ಸುಮಾರು 10 ಮಿ.ಮೀ. ಇದ್ದು, 3 ಮಿ.ಮೀ.ಗೆ ಬಂದಾಗ ಬದಲಿಸುವುದು ಸರಿ. ಹೊರಗಿನ ಪ್ಯಾಡ್ ಮಾತ್ರ ನೋಡಿ ತೀರ್ಮಾನಿಸಬೇಡಿ, ಒಳಗಿನದ್ದು ಅದಕ್ಕಿಂತ ಸವೆದಿರುವುದು ಸಾಮಾನ್ಯ. ಬ್ರೇಕ್ ಹಿಡಿದಾಗ ಕೀರಲು ಶಬ್ದ ಬಂದರೆ ಸವೆತ ಸೂಚಿಸುವ ತಗಡು ಡಿಸ್ಕ್‌ಗೆ ತಾಗುತ್ತಿರಬಹುದು. ಕರಕರ ಎಂದು ಲೋಹ ಉಜ್ಜುವ ಸದ್ದಾದರೆ ಪ್ಯಾಡ್ ಮುಗಿದಿದೆ, ಡಿಸ್ಕ್‌ಗೂ ಗೀರು ಬಿದ್ದಿದೆ ಎಂದೇ ಲೆಕ್ಕ.

ಡಿಸ್ಕ್‌ನ ಕನಿಷ್ಠ ದಪ್ಪವನ್ನು ಅದರ ಅಂಚಿನಲ್ಲೋ ನಡುವಿನ ಟೋಪಿಯ ಭಾಗದಲ್ಲೋ 'ಮಿನ್ ಟಿಎಚ್' ಎಂದು ಅಚ್ಚೊತ್ತಿರುತ್ತಾರೆ. ಗಾಳಿಯಾಡುವ ಡಿಸ್ಕ್ ಹೊಸದರಲ್ಲಿ 22 ಮಿ.ಮೀ. ಇದ್ದರೆ ಮಿತಿ ಸಾಮಾನ್ಯವಾಗಿ 20ರ ಆಸುಪಾಸು. ಆದರೂ ನಿಮ್ಮ ಡಿಸ್ಕ್‌ನ ಮೇಲಿರುವ ಅಂಕಿಯೇ ಕೊನೆಯ ಮಾತು. ಅಳೆಯುವಾಗ ಒಂದು ತೊಡಕುಂಟು: ಪ್ಯಾಡ್ ತಾಗದ ಹೊರ ಅಂಚು ಸವೆಯದೆ ಏಣಿನಂತೆ ಉಳಿಯುವುದರಿಂದ ವರ್ನಿಯರ್ ಆ ಏಣಿನ ಮೇಲೆ ಕೂತು ಹೆಚ್ಚು ದಪ್ಪ ತೋರಿಸುತ್ತದೆ. ಸವೆದ ಭಾಗದ ಎರಡೂ ಬದಿಗೆ ಒಂದೊಂದು ನಾಣ್ಯ ಒತ್ತಿ ಹಿಡಿದು ಒಟ್ಟಿಗೆ ಅಳೆದು, ಎರಡು ನಾಣ್ಯಗಳ ದಪ್ಪ ಕಳೆಯಿರಿ. ನಾಲ್ಕು ಕಡೆ ಅಳೆದು ಅತಿ ಕಡಿಮೆ ಬಂದದ್ದನ್ನು ಹಿಡಿಯಿರಿ.

ಮಳೆಗಾಲದಲ್ಲಿ ರಾತ್ರಿ ಬೆಳಗಾಗುವಷ್ಟರಲ್ಲಿ ಡಿಸ್ಕ್‌ನ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಬರುವುದು ಸಹಜ, ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಪ್ಯಾಡ್‌ನ ಆಕಾರದ್ದೇ ಕಪ್ಪು ಕಲೆ ಮೂಡಿ ಉಗುರಿಗೆ ಗುಳಿ ತಾಗುತ್ತಿದ್ದರೆ ಅದು ಓಡಿಸಿ ಹೋಗುವಂಥದ್ದಲ್ಲ.

ಡಿಸ್ಕ್ ಬದಲಿಸುವುದಾದರೆ ಎಡಬಲ ಎರಡನ್ನೂ ಬದಲಿಸಿ, ಪ್ಯಾಡ್ ನಾಲ್ಕೂ ಹೊಸದೇ ಇರಲಿ. ಹಳೆ ಪ್ಯಾಡ್ ಹಳೆ ಡಿಸ್ಕ್‌ನ ಏರುತಗ್ಗಿಗೆ ಹೊಂದಿಕೊಂಡಿರುತ್ತದೆ, ಹೊಸದರ ಮೇಲೆ ಅದು ಪೂರ್ತಿ ಕೂರುವುದಿಲ್ಲ.

ಸಾಮಾನು ಮತ್ತು ಹತ್ಯಾರು

ಅಂಗಡಿಗೆ ಮಾಡೆಲ್ ಹೆಸರು ಹೇಳಿದರೆ ಸಾಲದು. ಒಂದೇ ಕಾರಿನ ಪೆಟ್ರೋಲ್, ಡೀಸೆಲ್, ಹಳೆಯ, ಹೊಸ ಆವೃತ್ತಿಗಳಿಗೆ ಡಿಸ್ಕ್‌ನ ಅಳತೆ ಬೇರೆಯಾಗಬಹುದು. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಹುಡುಕಿಸಿ. ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರಿಗೆ ಹೋಗುವ ಮೊದಲೇ ಆ ನಂಬರ್ ಕೈಯಲ್ಲಿರಲಿ, ಸುಮಾರು 50 ಕಿ.ಮೀ. ಹೋಗಿ ತಪ್ಪು ಡಿಸ್ಕ್ ಹೊತ್ತು ಬರುವುದು ಬೇಡ. ಮನೆಗೆ ತಂದ ಮೇಲೆ, ಏನನ್ನೂ ಬಿಚ್ಚುವ ಮೊದಲು, ಪೆಟ್ಟಿಗೆ ತೆರೆದು ಬೋಲ್ಟ್ ತೂತುಗಳ ಸಂಖ್ಯೆ, ನಡುವಿನ ರಂಧ್ರ, ಹೊರ ವ್ಯಾಸ ಮೂರನ್ನೂ ನೋಡಿ.

ಬೇಕಾದದ್ದು: 2 ಡಿಸ್ಕ್, 4 ಪ್ಯಾಡ್‌ಗಳ ಒಂದು ಸೆಟ್, ಪ್ಯಾಡ್ ಕ್ಲಿಪ್‌ಗಳ ಸೆಟ್ (ಇದನ್ನು ಕೇಳಿ ತೆಗೆದುಕೊಳ್ಳಿ, ಎಲ್ಲ ಪೆಟ್ಟಿಗೆಯಲ್ಲೂ ಬರುವುದಿಲ್ಲ), ಬ್ರೇಕ್ ಕ್ಲೀನರ್ ಸ್ಪ್ರೇ 2 ಡಬ್ಬ, ಬ್ರೇಕ್‌ಗೆಂದೇ ಮಾಡಿದ ಸಿಲಿಕೋನ್ ಗ್ರೀಸ್ ಒಂದು ಸಣ್ಣ ಟ್ಯೂಬ್, ತುಕ್ಕು ಬಿಡಿಸುವ ಸ್ಪ್ರೇ, 80 ಮತ್ತು 120ರ ಎಮೆರಿ ಪೇಪರ್, ವೈರ್ ಬ್ರಶ್, ಸಿ-ಕ್ಲಾಂಪ್, ಗಟ್ಟಿ ತಂತಿ, ಎರಡು ಆಕ್ಸೆಲ್ ಸ್ಟ್ಯಾಂಡ್, ಟಾರ್ಕ್ ರೆಂಚ್, ಉದ್ದ ಹಿಡಿಯ ಬಾರ್. ಚಕ್ರದ ನಟ್ಟು ಸಾಮಾನ್ಯವಾಗಿ ಮಾರುತಿಯಲ್ಲಿ 19 ಮಿ.ಮೀ., ಹ್ಯುಂಡೈ, ಟೊಯೊಟಾದಲ್ಲಿ 21 ಮಿ.ಮೀ. ಕ್ಯಾಲಿಪರ್ ಪಿನ್ ಬೋಲ್ಟ್ ಹೆಚ್ಚಾಗಿ 12 ಅಥವಾ 14, ಕ್ಯಾಲಿಪರ್ ಮತ್ತು ಪ್ಯಾಡ್ ಕೂರುವ ಬ್ರಾಕೆಟ್‌ನದ್ದು 17. ಆರು ಮೂಲೆಯ ಸಾಕೆಟ್ಟೇ ಬಳಸಿ. ಹನ್ನೆರಡು ಮೂಲೆಯದ್ದು ತುಕ್ಕು ಹಿಡಿದ ಬೋಲ್ಟ್‌ನ ತಲೆಯನ್ನು ಸವೆಸಿ ಉರುಟು ಮಾಡುತ್ತದೆ.

ಪಿನ್‌ಗೆ ತೆಂಗಿನೆಣ್ಣೆಯಾಗಲಿ, ಇಂಜಿನ್ ಆಯಿಲ್ ಆಗಲಿ, ಬೇರಿಂಗ್‌ನ ಸಾಧಾರಣ ಗ್ರೀಸ್ ಆಗಲಿ ಬೇಡವೇ ಬೇಡ. ಇವುಗಳಿಂದ ರಬ್ಬರ್ ಉಬ್ಬಿ ಪಿನ್ ತೂತಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಕಾರು ಎಲ್ಲಿ ನಿಲ್ಲಿಸಬೇಕು

ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಸಮತಟ್ಟಾಗಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಣ್ಣಿನ ಅಂಗಳದಲ್ಲಿ, ಅದೂ ಮಳೆ ಬಂದ ಮರುದಿನ, ಜಾಕಿ ನಿಧಾನವಾಗಿ ಹೂತು ಕಾರು ಓರೆಯಾಗುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ಜಾಕಿ, ಸ್ಟ್ಯಾಂಡ್ ಎರಡರ ಅಡಿಗೂ ದಪ್ಪ ಮರದ ಹಲಗೆ ಹಾಕಿ.

ಕಾರಿನ ಕೆಳಗೆ ಆಧಾರವಾಗಿ ಮುರಕಲ್ಲು ಇಡುವುದನ್ನು ಅಲ್ಲಲ್ಲಿ ಕಾಣುತ್ತೇವೆ. ಗೋಡೆಯಲ್ಲಿ ಭಾರ ಕಲ್ಲಿನ ಮೇಲಿಡೀ ಹರಡಿಕೊಳ್ಳುತ್ತದೆ. ಕಾರಿನ ತೆಳ್ಳಗಿನ ಅಂಚು ಒಂದೇ ಬಿಂದುವಿನಲ್ಲಿ ಒತ್ತಿದಾಗ ಅದೇ ಕಲ್ಲು ಯಾವ ಸೂಚನೆಯನ್ನೂ ಕೊಡದೆ ಸೀಳಿಬಿಡುತ್ತದೆ. ಸಿಮೆಂಟ್ ಬ್ಲಾಕ್‌ನ ಕತೆಯೂ ಅದೇ. ಆಕ್ಸೆಲ್ ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸ ಮುಂದೂಡಿ, ಬರೀ ಜಾಕಿಯ ಮೇಲೆ ನಿಂತ ಕಾರಿನ ಹಬ್‌ಗೆ ಸುತ್ತಿಗೆ ಹೊಡೆಯುವುದು ಜೀವಕ್ಕೆ ಅಪಾಯ.

ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಹಿಂದಿನ ಎರಡು ಚಕ್ರಕ್ಕೂ ಹಿಂದೆ ಮುಂದೆ ಮರದ ಅಡೆ ಕೊಡಿ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಆಮೇಲೆ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಕಾರನ್ನು ಕೈಯಿಂದ ತುಸು ಅಲುಗಿಸಿ ನೋಡಿ. ಕಳಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿನ ಅಡಿಗೆ ತಳ್ಳಿಡಿ, ಸ್ಟ್ಯಾಂಡ್ ಜಾರಿದರೂ ಕಾರು ಅದರ ಮೇಲೆ ಬೀಳುತ್ತದೆ.

ಎರಡೂ ಬದಿ ಒಟ್ಟಿಗೆ ಬಿಚ್ಚಬೇಡಿ. ಒಂದು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಯಾವ ಕ್ಲಿಪ್ ಎಲ್ಲಿ ಎಂಬ ಸಂಶಯ ಬಂದರೆ ನೋಡಲು ಬಿಚ್ಚದ ಬದಿ ಇರುತ್ತದೆ.

ಕ್ಯಾಲಿಪರ್ ಕಳಚುವುದು

ಮೊದಲು ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ಇಳಿಯುತ್ತದೆ. ನಡುವೆ ಯಾರಾದರೂ ಮೇಲಿನ ಗೆರೆಯ ತನಕ ತುಂಬಿಸಿದ್ದರೆ, ಪಿಸ್ಟನ್ ಹಿಂದೆ ತಳ್ಳುವಾಗ ಅಷ್ಟೂ ಉಕ್ಕಿ ಹೊರಬರುತ್ತದೆ. ಅದು ಪೇಂಟ್ ತಿನ್ನುತ್ತದೆ. ಸೂಜಿಯಿಲ್ಲದ ಸಿರಿಂಜಿನಿಂದ ಮಟ್ಟವನ್ನು ನಡುಗೆರೆಗೆ ಇಳಿಸಿ. ಪೇಂಟ್ ಮೇಲೆ ಬಿದ್ದರೆ ಒರೆಸುತ್ತಾ ಕೂರದೆ ತಕ್ಷಣ ನೀರು ಸುರಿಯಿರಿ.

ಸ್ಟೀರಿಂಗನ್ನು ಕ್ಯಾಲಿಪರ್‌ನ ಹಿಂಭಾಗ ಹೊರಕ್ಕೆ ಬರುವಂತೆ ತಿರುಗಿಸಿ. ಎರಡು ಪಿನ್ ಬೋಲ್ಟ್ ಬಿಚ್ಚಿ. ಬೋಲ್ಟ್ ಜೊತೆ ಪಿನ್ನೂ ತಿರುಗಿದರೆ ಪಿನ್‌ನ ಚಪ್ಪಟೆ ಭಾಗವನ್ನು ತೆಳು ಸ್ಪ್ಯಾನರ್‌ನಿಂದ ಹಿಡಿಯಿರಿ. ಕ್ಯಾಲಿಪರ್ ಹೊರಬಂದ ಕೂಡಲೇ ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಿ ತೂಗಹಾಕಿ. ಹೋಸ್ ಪೈಪಿನಲ್ಲಿ ನೇತಾಡಲು ಬಿಟ್ಟರೆ ಪೈಪಿನ ಒಳಪದರ ಬಿರಿಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಮುಂದೆ ಆ ಬಿರಿದ ಪದರ ಕವಾಟದಂತೆ ಮುಚ್ಚಿಕೊಂಡು, ಕಾಲು ತೆಗೆದರೂ ಬ್ರೇಕ್ ಬಿಡದೆ ಹಿಡಿದೇ ಇರುತ್ತದೆ. ಹತ್ತಿರದ ಎಬಿಎಸ್ ವಯರಿಗೂ ಎಳೆತ ಬೀಳದಿರಲಿ.

ಧೂಳನ್ನು ಊದಬೇಡಿ, ಪಂಪಿನ ಗಾಳಿಯನ್ನೂ ಹಿಡಿಯಬೇಡಿ. ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕ್ಲೀನರ್ ಸ್ಪ್ರೇ ಹೊಡೆದು ಒದ್ದೆ ಮಾಡಿ ಬಟ್ಟೆಯಿಂದ ಒರೆಸಿ.

ಹಳೆ ಪ್ಯಾಡ್‌ಗಳನ್ನು ಎಸೆಯುವ ಮೊದಲು ಸಾಲಾಗಿ ಇಟ್ಟು ನೋಡಿ. ಒಳಗಿನದು ಹೊರಗಿನದ್ದಕ್ಕಿಂತ 2 ಮಿ.ಮೀ.ಗೂ ಹೆಚ್ಚು ಸವೆದಿದ್ದರೆ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ ಅಥವಾ ಪಿನ್‌ಗಳು ಹಿಡಿದುಕೊಂಡಿವೆ. ಹೊರಗಿನದು ಹೆಚ್ಚು ಸವೆದಿದ್ದರೆ ಬ್ರೇಕ್ ಬಿಟ್ಟಾಗ ಕ್ಯಾಲಿಪರ್ ಪಿನ್ ಮೇಲೆ ಜಾರಿ ಬರುತ್ತಿಲ್ಲ. ಒಂದೇ ಪ್ಯಾಡ್ ಮೇಲೆ ದಪ್ಪ ಕೆಳಗೆ ತೆಳುವಾಗಿದ್ದರೆ ಎರಡರಲ್ಲಿ ಒಂದು ಪಿನ್ ಸಿಕ್ಕಿಕೊಂಡಿದೆ. ಈ ಕಾರಣ ಸರಿಪಡಿಸದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ.

ಬ್ರಾಕೆಟ್‌ನ ಎರಡು ಬೋಲ್ಟ್‌ಗಳು ಬಿಗಿಯಾಗಿರುತ್ತವೆ, ಕೆಲವಕ್ಕೆ ಅಂಟು ಹಾಕಿರುತ್ತಾರೆ. ಅವುಗಳ ತಲೆ ಒಳಬದಿಗೆ ಇರುವುದರಿಂದ ಹೊರಗಿನಿಂದ ನೋಡುವವರಿಗೆ ದಿಕ್ಕು ತಪ್ಪುತ್ತದೆ. ಬೋಲ್ಟಿನ ತಲೆಗೆ ಮುಖಮಾಡಿ ನೋಡಿದಾಗ ಅಪ್ರದಕ್ಷಿಣೆಗೆ ತಿರುಗಿಸಿದರೆ ಬಿಚ್ಚುತ್ತದೆ. ಬಾರನ್ನು ಸ್ಥಿರವಾಗಿ ಒತ್ತಿ, ಎಗರಿ ತುಳಿಯಬೇಡಿ.

ಹಿಡಿದುಕೊಂಡ ಡಿಸ್ಕ್ ಬಿಡಿಸುವುದು

ಕೆಲವು ಕಾರುಗಳಲ್ಲಿ ಡಿಸ್ಕ್‌ನ್ನು ಹಬ್‌ಗೆ ಹಿಡಿಸಿದ ಒಂದೆರಡು ಸ್ಕ್ರೂ ಇರುತ್ತವೆ. ಕೈಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಹಾಳಾಗುವುದೇ ಹೆಚ್ಚು. ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ತನ್ನಿ.

ಡಿಸ್ಕ್‌ನಲ್ಲಿ ಮರೆ (ಥ್ರೆಡ್) ಇರುವ ಎರಡು ಸಣ್ಣ ತೂತುಗಳಿದ್ದರೆ ಕೆಲಸ ಸುಲಭ. ಹೆಚ್ಚಾಗಿ ಎಂ8 ಬೋಲ್ಟ್ ಸರಿಹೋಗುತ್ತದೆ. ಎರಡಕ್ಕೂ ಒಂದೊಂದು ಹಾಕಿ, ಇದಕ್ಕೆ ಕಾಲು ಸುತ್ತು, ಅದಕ್ಕೆ ಕಾಲು ಸುತ್ತು ಎಂದು ಬಿಗಿ ಮಾಡುತ್ತಾ ಹೋದರೆ ಡಿಸ್ಕ್ 'ಟಕ್' ಎಂದು ಬಿಟ್ಟುಬರುತ್ತದೆ. ತೂತು ಇಲ್ಲದಿದ್ದರೆ ನಡುವಿನ ಅಂಚಿಗೂ ಬೋಲ್ಟ್‌ಗಳ ಬುಡಕ್ಕೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಟೋಪಿ ಭಾಗಕ್ಕೆ, ಬೋಲ್ಟ್‌ಗಳ ನಡುವೆ, ಡಿಸ್ಕ್ ತಿರುಗಿಸುತ್ತಾ ಸುತ್ತಲೂ ಹದವಾಗಿ ಹೊಡೆಯಿರಿ. ಒಂದೇ ಕಡೆ ಜೋರಾಗಿ ಹೊಡೆದರೆ ಚಕ್ರದ ಬೇರಿಂಗ್ ಪೆಟ್ಟು ತಿನ್ನುತ್ತದೆ.

ಹಬ್ ಉಜ್ಜುವುದು

ಇಷ್ಟು ಹೊತ್ತಿಗೆ ಕೈ ಸೋತಿರುತ್ತದೆ, ಹೊಸ ಡಿಸ್ಕ್ ಹಾಕಿ ಮುಗಿಸೋಣ ಅನ್ನಿಸುತ್ತದೆ. ಮೊದಲು ಹೇಳಿದ ನಡುಕ ಹುಟ್ಟುವುದು ಇಲ್ಲೇ, ಈ ಅವಸರದಲ್ಲೇ.

ಹಬ್‌ನ ಮುಖವನ್ನು ವೈರ್ ಬ್ರಶ್‌ನಿಂದ ಉಜ್ಜಿ, ಆಮೇಲೆ 80ರ ಎಮೆರಿ, ಕೊನೆಗೆ 120. ತುಕ್ಕು ಕಚ್ಚಿ ಕೂತಿರುವುದು ಬೋಲ್ಟ್‌ಗಳ ಬುಡದ ಸುತ್ತಲಿನ ಉಂಗುರದಲ್ಲಿ. ಬ್ರಶ್ ಅಲ್ಲಿಗೆ ತಲುಪುವುದಿಲ್ಲ. ಎಮೆರಿಯ ಸಣ್ಣ ತುಂಡನ್ನು ಬೋಲ್ಟ್ ದಾಟುವ ಪೈಪಿನ ತುದಿಗೆ ಅಂಟಿಸಿ, ಒಂದೊಂದು ಬೋಲ್ಟ್‌ನ ಸುತ್ತ ತಿರುಗಿಸಿ. ನಡುವಿನ ಏಣಿನ ಮೂಲೆಯನ್ನೂ ಕೆರೆಯಿರಿ. ಕ್ಲೀನರ್‌ನಿಂದ ತೊಳೆದು, ಕಣ್ಣು ಮುಚ್ಚಿ ಉಗುರು ಆಡಿಸಿ. ಎಲ್ಲೂ ತಡೆಯಬಾರದು. ಉಕ್ಕಿನ ಸ್ಕೇಲನ್ನು ಅಡ್ಡಲಾಗಿ ಇಟ್ಟು ಅಡಿಯಿಂದ ಟಾರ್ಚ್ ಹಾಕಿದರೆ ಉಬ್ಬು ಎಲ್ಲಿ ಉಳಿದಿದೆ ಎಂಬುದು ಬೆಳಕಿನಲ್ಲಿ ಗೊತ್ತಾಗುತ್ತದೆ.

ನಡುವಿನ ಏಣಿಗೆ ಮಾತ್ರ, ಬಟ್ಟೆಯಲ್ಲಿ ಒರೆಸಿದಷ್ಟು ತೆಳುವಾಗಿ, ಬ್ರೇಕ್ ಗ್ರೀಸ್ ಹಚ್ಚಿದರೆ ಮುಂದಿನ ಸಲ ಡಿಸ್ಕ್ ಸುಲಭಕ್ಕೆ ಬರುತ್ತದೆ. ಮುಖಕ್ಕೆ ಬೇಡ, ಚಕ್ರದ ಬೋಲ್ಟ್‌ಗಳ ಮರೆಗಂತೂ ಬೇಡ. ಮರೆಗೆ ಎಣ್ಣೆ ಇದ್ದರೆ ಟಾರ್ಕ್ ರೆಂಚ್ ಅದೇ ಅಂಕಿ ತೋರಿಸಿದರೂ ಬೋಲ್ಟ್ ಮೇಲೆ ಎಳೆತ ಹೆಚ್ಚು ಬೀಳುತ್ತದೆ.

ಹೊಸ ಡಿಸ್ಕ್ ಕೂರಿಸುವುದು

ಪೆಟ್ಟಿಗೆಯಿಂದ ಬರುವ ಡಿಸ್ಕ್‌ಗೆ ತುಕ್ಕು ಬಾರದಂತೆ ಎಣ್ಣೆ ಸವರಿರುತ್ತಾರೆ. ಎರಡೂ ಬದಿಯನ್ನು ಕ್ಲೀನರ್‌ನಿಂದ, ಬಟ್ಟೆಗೆ ಕಲೆ ಬಾರದಷ್ಟು, ಒರೆಸಿ. ಈ ಎಣ್ಣೆ ಪ್ಯಾಡ್‌ಗೆ ಇಳಿದರೆ ಪ್ಯಾಡ್ ಹಾಳು. ಬೂದು ಬಣ್ಣದ ಲೇಪ ಇರುವ ಡಿಸ್ಕ್ ಆದರೆ ಲೇಪ ಕೆರೆಯುವ ಅಗತ್ಯ ಇಲ್ಲ, ಪ್ಯಾಡ್ ತಾಗುವಲ್ಲಿ ತಾನೇ ಹೋಗುತ್ತದೆ. ಉಳಿದ ಕಡೆ ಉಳಿಯುವುದು ನಮ್ಮ ಉಪ್ಪುಗಾಳಿಗೆ ಒಳ್ಳೆಯದೇ.

ಡಿಸ್ಕ್ ಕೂರಿಸಿ, ವಾಷರ್ ಹಾಕಿ ಚಕ್ರದ ನಟ್ಟುಗಳಿಂದಲೇ ಬಿಗಿ ಮಾಡಿ. ಡಯಲ್ ಗೇಜ್ (ಓರೆಯನ್ನು ಮುಳ್ಳಿನಲ್ಲಿ ತೋರಿಸುವ ಅಳತೆಯ ಸಾಧನ) ಸಿಕ್ಕಿದರೆ ಅಂಚಿನಿಂದ 10 ಮಿ.ಮೀ. ಒಳಗೆ ಅದರ ಮೊನೆ ತಾಗಿಸಿ ಒಂದು ಸುತ್ತು ತಿರುಗಿಸಿ. ಹೆಚ್ಚಿನ ಕಾರುಗಳಲ್ಲಿ ಮುಳ್ಳಿನ ಆಟ 0.05ರಿಂದ 0.10 ಮಿ.ಮೀ. ಒಳಗೆ ಇರಬೇಕು. ಮೀರಿದರೆ ಡಿಸ್ಕ್ ಕಳಚಿ ಒಂದು ಬೋಲ್ಟಿನಷ್ಟು ತಿರುಗಿಸಿ ಹಾಕಿ ಮತ್ತೆ ನೋಡಿ. ನಾಲ್ಕು ಬೋಲ್ಟಿನ ಹಬ್‌ಗೆ ನಾಲ್ಕು ಸ್ಥಾನ ಇವೆ, ಅದರಲ್ಲಿ ಕಡಿಮೆ ಬಂದದ್ದನ್ನು ಆರಿಸಿ. ಸ್ಕ್ರೂ ಇರುವ ಡಿಸ್ಕ್ ಆದರೆ ಈ ಸೌಕರ್ಯ ಇಲ್ಲ, ಹಬ್ ಮತ್ತೆ ಉಜ್ಜುವುದೊಂದೇ ದಾರಿ.

ಬ್ರಾಕೆಟ್, ಪಿನ್, ಪಿಸ್ಟನ್

ಬ್ರಾಕೆಟ್‌ನ ಹಳೆ ಕ್ಲಿಪ್ ಕಿತ್ತರೆ ಅಡಿಯಲ್ಲಿ ತುಕ್ಕಿನ ಪದರ ಇರುತ್ತದೆ. ಅದು ಬೆಳೆದಂತೆ ಕ್ಲಿಪ್ಪನ್ನು ಮೇಲೆತ್ತಿ ಪ್ಯಾಡ್‌ನ ಕಿವಿಯನ್ನು ಹಿಡಿದಿಡುತ್ತದೆ. ಬರಿಯ ಲೋಹ ಕಾಣುವವರೆಗೆ ಉಜ್ಜಿ, ಹೊಸ ಕ್ಲಿಪ್ ಹಾಕಿ. ಪ್ಯಾಡ್ ಬೆರಳಿನಿಂದ ತಳ್ಳಿದರೆ ಸರಿಯಬೇಕು. ಬಿಗಿಯಾದರೆ ಪ್ಯಾಡ್‌ನ ಕಿವಿಗೆ ಅರ ಹಾಕಲು ಹೋಗಬೇಡಿ, ಬ್ರಾಕೆಟ್‌ನಲ್ಲಿ ತುಕ್ಕು ಉಳಿದಿದೆ ಎಂದರ್ಥ.

ಎರಡು ಪಿನ್‌ಗಳೂ ಒಂದೇ ಥರ ಇರಬೇಕೆಂದಿಲ್ಲ. ಒಂದರ ತುದಿಗೆ ರಬ್ಬರ್ ಇರಬಹುದು. ಯಾವುದು ಮೇಲಿನದು ಎಂದು ಗುರುತು ಮಾಡಿ. ಹಳೆ ಗ್ರೀಸ್ ಪೂರ್ತಿ ಒರೆಸಿ, ತೂತನ್ನೂ ಒರೆಸಿ, ಪಿನ್‌ನಲ್ಲಿ ಗುಳಿ ಬಿದ್ದಿದ್ದರೆ ಹೊಸದು ತನ್ನಿ. ಗ್ರೀಸ್ ತೆಳುವಾಗಿ ಸಾಕು. ಹೆಚ್ಚು ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ನನ್ನು ಹೊರಕ್ಕೆ ದೂಡುತ್ತಿರುತ್ತದೆ. ಹರಿದ ರಬ್ಬರ್ ಟೋಪಿಯನ್ನು ಹಾಗೇ ಹಾಕಿದರೆ ಒಂದು ಮಳೆಗಾಲಕ್ಕೆ ಪಿನ್ ಜಾಮ್.

ಬ್ರಾಕೆಟ್ ಬಿಗಿ ಮಾಡಿ. ಅದರ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 80ರಿಂದ 110 ನ್ಯೂಟನ್ ಮೀಟರ್, ಪಿನ್ ಬೋಲ್ಟ್‌ಗಳಿಗೆ 22ರಿಂದ 35. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುವಲ್‌ನ ಅಂಕಿಯನ್ನೇ ಹಿಡಿಯಿರಿ.

ಪಿಸ್ಟನ್ ಮುಖಕ್ಕೆ ಹಳೆ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲಾಂಪ್‌ನಿಂದ ನಿಧಾನವಾಗಿ ತಳ್ಳಿ, ನಡುನಡುವೆ ಆಯಿಲ್ ಡಬ್ಬಿ ನೋಡಿ. ಹದವಾದ ಒತ್ತಡಕ್ಕೆ ಹೋಗದಿದ್ದರೆ ಬಲಪ್ರಯೋಗ ಬೇಡ. ಕ್ಯಾಲಿಪರ್‌ನಿಂದ ಆಯಿಲ್, ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್‌ಗೆ ಪೈಪು ಹಾಕಿ ತುಸು ಸಡಿಲಿಸಿ ತಳ್ಳಿ ನೋಡಿ. ಆಗ ಸಲೀಸಾಗಿ ಹೋದರೆ ಹೋಸ್ ಕಟ್ಟಿದೆ, ಆಗಲೂ ಹೋಗದಿದ್ದರೆ ಪಿಸ್ಟನ್ನೇ ತುಕ್ಕು ಹಿಡಿದಿದೆ. ಎರಡಕ್ಕೂ ಗ್ಯಾರೇಜೇ ಸರಿ. ಪಿಸ್ಟನ್ ಸುತ್ತಲಿನ ರಬ್ಬರ್ ಹರಿದಿದ್ದರೂ ಅಷ್ಟೇ.

ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕಾರಿನಲ್ಲಿ ಹಿಂದಿನ ಪಿಸ್ಟನ್ನನ್ನು ಹೀಗೆ ತಳ್ಳಬೇಡಿ. ಹಲವದರಲ್ಲಿ ಅದನ್ನು ತಿರುಗಿಸುತ್ತಾ ಒಳಗೆ ಹಾಕಬೇಕು. ಎಲೆಕ್ಟ್ರಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು.

ಜೋಡಿಸಿ ಮುಗಿಸುವುದು

ಸವೆತ ಸೂಚಿಸುವ ತಗಡಿನ ಪ್ಯಾಡ್ ಹೆಚ್ಚಾಗಿ ಒಳಬದಿಗೆ. ಹಳೆಯದು ಹೇಗಿತ್ತೋ ಹಾಗೇ ಹಾಕಿ. ಕಿವಿಗಳಿಗೂ ಬೆನ್ನುತಗಡು ಪಿಸ್ಟನ್‌ಗೆ ತಾಗುವಲ್ಲೂ ತೆಳುವಾಗಿ ಬ್ರೇಕ್ ಗ್ರೀಸ್. ಘರ್ಷಣೆಯ ಪದರಕ್ಕೂ ಡಿಸ್ಕ್‌ಗೂ ಬೆರಳಿನ ಜಿಡ್ಡೂ ತಾಗದಿರಲಿ. ಕ್ಯಾಲಿಪರ್ ಇಳಿಸುವಾಗ ಹೋಸ್ ತಿರುಚಿಕೊಂಡಿಲ್ಲವೆಂದು ನೋಡಿ.

ಚಕ್ರದ ರಿಮ್‌ನ ಒಳಮುಖವನ್ನೂ ಬ್ರಶ್ ಮಾಡಿ. ನಟ್ಟುಗಳನ್ನು ಕೈಯಿಂದ ಹಾಕಿ, ಎದುರುಬದುರಾಗಿ ಬಿಗಿ ಮಾಡುತ್ತಾ ಬಂದು, ಕಾರು ಇಳಿಸಿದ ಮೇಲೆ ಟಾರ್ಕ್ ರೆಂಚ್ ಹಾಕಿ. ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. ಪಂಕ್ಚರ್ ಅಂಗಡಿಯ ಗಾಳಿ ಗನ್ನಿನಿಂದ ಒಂದೊಂದು ನಟ್ಟು ಒಂದೊಂದು ಬಿಗಿಗೆ ಹೋದರೆ ಇಷ್ಟು ಕಷ್ಟಪಟ್ಟು ನೇರ ಕೂರಿಸಿದ ಡಿಸ್ಕ್ ಮತ್ತೆ ಓರೆಯಾಗುತ್ತದೆ.

ಎರಡೂ ಬದಿ ಮುಗಿದ ಮೇಲೆ ಇಂಜಿನ್ ಚಾಲೂ ಮಾಡುವ ಮೊದಲೇ ಬ್ರೇಕ್ ಪೆಡಲನ್ನು ನಿಧಾನವಾಗಿ, ಗಟ್ಟಿಯಾಗುವವರೆಗೆ, ಒತ್ತುತ್ತಿರಿ. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಕೆಲವು ಒತ್ತು ನೆಲದ ತನಕ ಹೋಗುತ್ತದೆ, ಬ್ರೇಕೇ ಇರುವುದಿಲ್ಲ. ಇಳಿಜಾರಿನ ಕೆಳಗೆ ತೋಟವೋ ಕೆರೆಯೋ ಇರುವ ನಮ್ಮ ಅಂಗಳಗಳಲ್ಲಿ ಇದನ್ನು ಮರೆತರೆ ಅನಾಹುತವೇ. ಆಮೇಲೆ ಆಯಿಲ್ ಮಟ್ಟ ನೋಡಿ, ಮುಚ್ಚಳದ ಮೇಲೆ ಬರೆದ ದರ್ಜೆಯ ಆಯಿಲನ್ನೇ (ಡಾಟ್ 3 ಅಥವಾ ಡಾಟ್ 4) ಹೊಸ ಡಬ್ಬದಿಂದ ಹಾಕಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4ರ ಮಾನದಂಡದ ಪ್ರಕಾರ ಹೊಸತರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರುವ ಕುದಿಯುವ ಬಿಂದು, ತೇವ ಹೀರಿದ ಮೇಲೆ 155ರ ತನಕ ಇಳಿಯಬಹುದು. ಭಾಗಮಂಡಲದಿಂದ ಕರಿಕೆ ದಾಟಿ ಪಾಣತ್ತೂರಿಗೆ ಇಳಿಯುವಂಥ ಘಾಟಿಯಲ್ಲಿ ಅದು ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ಪಳಗಿಸುವುದು

ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಬೇಕಾದರೆ ಅದರ ಪದರ ಡಿಸ್ಕ್ ಮೇಲೆ ಸಮವಾಗಿ ಹತ್ತಬೇಕು. ಮೊದಲು ಮನೆ ಹತ್ತಿರ ನಿಧಾನದಲ್ಲಿ ಬ್ರೇಕ್ ಹಿಡಿಯುತ್ತದೆಯೇ ನೋಡಿ. ಆಮೇಲೆ ಬೆಳಗ್ಗೆ ಬೇಗ, ವಾಹನ ಕಡಿಮೆ ಇರುವ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, 60 ಕಿ.ಮೀ. ವೇಗದಿಂದ 15ಕ್ಕೆ ಹದವಾಗಿ ಇಳಿಸಿ. ಹೀಗೆ ಹತ್ತು ಸಲ, ನಡುನಡುವೆ ಅರ್ಧ ನಿಮಿಷ ಓಡಿಸಿ ಗಾಳಿಯಾಡಲು ಬಿಟ್ಟು. ಪೂರ್ತಿ ನಿಲ್ಲಿಸಬೇಡಿ, ಬಿಸಿ ಪ್ಯಾಡ್ ಒಂದೇ ಕಡೆ ಒತ್ತಿ ನಿಂತರೆ ಅಲ್ಲಿ ಅಚ್ಚು ಬೀಳುತ್ತದೆ, ಅದರಿಂದಲೂ ನಡುಕ ಬರುತ್ತದೆ. ಮುಗಿದ ಮೇಲೆ ಬ್ರೇಕ್ ಆದಷ್ಟು ಕಡಿಮೆ ಬಳಸಿ 10 ನಿಮಿಷ ಓಡಿಸಿ ತಣಿಸಿ. ತುಸು ವಾಸನೆ ಬಂದರೆ ಗಾಬರಿ ಬೇಡ.

ಮೊದಲ 200–300 ಕಿ.ಮೀ. ತುಂಬಿದ ಕಾರಿನಲ್ಲಿ ಘಾಟಿ ಇಳಿಯುವುದು ಬೇಡ. ಸಂಪಾಜೆ ಕಡೆಗೆ ಹೋಗಲೇಬೇಕಾದರೆ ಎರಡನೇ ಗೇರಿನಲ್ಲಿ ಇಂಜಿನ್‌ನಿಂದಲೇ ವೇಗ ತಡೆದು ಇಳಿಯಿರಿ. 100 ಕಿ.ಮೀ. ಒಳಗೆ ಚಕ್ರದ ನಟ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ.

ಆಮೇಲೆ ತೊಂದರೆ ಕಂಡರೆ

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದು, ಎರಡು ಮೂರು ಸಲ ಒತ್ತಿದರೆ ಮೇಲೆ ಬರುತ್ತಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಬ್ಲೀಡರ್ ಸಡಿಲಿಸಿದ್ದವರಿಗೆ ಇದು ಆಗುವ ಸಂಭವ ಹೆಚ್ಚು. ಬ್ಲೀಡ್ ಮಾಡದೆ (ಆ ಗಾಳಿ ಹೊರಹಾಕದೆ) ರಸ್ತೆಗೆ ಇಳಿಸಬೇಡಿ. ಬ್ರೇಕ್ ಹಿಡಿದಾಗ ಕಾರು ಒಂದು ಬದಿಗೆ ಎಳೆದರೆ ಎಳೆಯದ ಬದಿಯ ಪಿನ್, ಪಿಸ್ಟನ್, ಪ್ಯಾಡ್‌ಗೆ ಎಣ್ಣೆ ತಾಗಿದೆಯೇ ಎಂಬುದನ್ನು ನೋಡಿ. ಬ್ರೇಕ್ ಹಿಡಿಯದೆ ಓಡುವಾಗಲೂ ಎಳೆದರೆ ಎಳೆಯುವ ಬದಿಯಲ್ಲೇ ಬ್ರೇಕ್ ಹಿಡಿದುಕೊಂಡಿದೆ. ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿದಾಗ ಒಂದು ರಿಮ್ ಇನ್ನೊಂದಕ್ಕಿಂತ ಬಹಳ ಬಿಸಿ ಇದ್ದರೆ ಅದೇ ಗುರುತು. ಡಿಸ್ಕನ್ನು ಮುಟ್ಟಬೇಡಿ, ರಿಮ್ ಹತ್ತಿರ ಕೈ ತಂದರೂ ತಿಳಿಯುತ್ತದೆ.

ಕೀರಲು ಶಬ್ದ ಮಾತ್ರ ಇದ್ದು ಹಿಡಿತ ಚೆನ್ನಾಗಿದ್ದರೆ ಕ್ಲಿಪ್ ಕೂತಿಲ್ಲ ಅಥವಾ ಬೆನ್ನುತಗಡಿಗೆ ಗ್ರೀಸ್ ತಾಗಿಲ್ಲ. ಡಿಸ್ಕ್‌ನ ಹಿಂದಿನ ತೆಳು ಧೂಳುತಗಡು ಕೆಲಸದ ನಡುವೆ ಬಗ್ಗಿ ಡಿಸ್ಕ್‌ಗೆ ತಾಗುತ್ತಿದ್ದರೂ ಸದ್ದು ಬರುತ್ತದೆ, ಬೆರಳಿನಿಂದ ಹಿಂದಕ್ಕೆ ಬಗ್ಗಿಸಿದರೆ ಸಾಕು. ಹಳೆ ಡಿಸ್ಕ್‌ಗಳು ಎರಕದ ಕಬ್ಬಿಣ, ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ತೆಗೆದ ಬ್ರೇಕ್ ಆಯಿಲನ್ನು ತೋಟದ ಬುಡಕ್ಕೋ ತೋಡಿಗೋ ಚೆಲ್ಲದೆ ಬಾಟಲಿಯಲ್ಲಿ ಮುಚ್ಚಿಟ್ಟು, ಹಳೆ ಇಂಜಿನ್ ಆಯಿಲ್ ಜೊತೆ ಬೆರೆಸದೆ, ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.